ದಿನಕ್ಕೊಂದು ಪುಟದ ಸಾದಾ ಡೈರಿ: ಒಂದು ವರ್ಷ ಬಳಸಿದವರ ಅಭಿಪ್ರಾಯ

ಡಿಸೆಂಬರ್ ಬಂತೆಂದರೆ ಬೆಂಗಳೂರಿನ ಅವೆನ್ಯೂ ರಸ್ತೆಯ ಸ್ಟೇಷನರಿ ಅಂಗಡಿಗಳಲ್ಲಿ ಹೊಸ ವರ್ಷದ ಡೈರಿಗಳು ರಾಶಿ ಬೀಳುತ್ತವೆ. ಈಗ ಅವುಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು, ನಮ್ಮ ತಂದೆಯವರ ಕಾಲದಿಂದ ಬಂದ ದಿನಕ್ಕೊಂದು ಪುಟದ ಸಾದಾ ಡೈರಿ: ರೆಕ್ಸಿನ್ ಹೊದಿಸಿದ ರಟ್ಟು, ಪುಟದ ತಲೆಯಲ್ಲಿ ತಾರೀಕು ಮತ್ತು ವಾರ, ಕೆಳಗೆ ಬರೀ ಗೆರೆಗಳು. ಇನ್ನೊಂದು ಪ್ಲಾನರ್ ಎಂದು ಮಾರಾಟವಾಗುವ ಪುಸ್ತಕ. ಗುರಿಗಳಿಗೆ, ಆದ್ಯತೆಗಳಿಗೆ, ಅಭ್ಯಾಸಗಳಿಗೆ ಅದರಲ್ಲಿ ಬೇರೆ ಬೇರೆ ಚೌಕಗಳನ್ನು ಅಚ್ಚು ಹಾಕಿರುತ್ತಾರೆ, ಬೆಲೆಯೂ ಸಾದಾ ಡೈರಿಯ ಎರಡು ಮೂರು ಪಟ್ಟು ಇರುತ್ತದೆ. 2025ರಲ್ಲಿ ಎರಡನ್ನೂ ಜೊತೆಯಲ್ಲಿಟ್ಟುಕೊಂಡು ಬಳಸಿದ ನಾನು 2026ಕ್ಕೆ ಸಾದಾ ಡೈರಿಯನ್ನು ಮಾತ್ರ ಕೊಂಡಿದ್ದೇನೆ. ಹೊಸ ವರ್ಷದ ನೆಪದಲ್ಲಾದರೂ ತಮ್ಮ ದಿನಗಳು ಹೇಗೆ ಕಳೆಯುತ್ತಿವೆ, ಯಾವುದಕ್ಕೆ ಮೊದಲ ಸ್ಥಾನ ಕೊಡಬೇಕು ಎಂದು ಕೂತು ಯೋಚಿಸಬಯಸುವವರಿಗೆ ನನ್ನ ಅನುಭವದಿಂದ ಉಪಯೋಗವಾಗಬಹುದು ಎಂಬ ನಂಬಿಕೆಯಿಂದ ಇದನ್ನು ಬರೆಯುತ್ತಿದ್ದೇನೆ.

ಮೊದಲು ವಸ್ತುವಿನ ಗುಣ. ನಾನು ಬಳಸಿದ್ದು ಎ5 ಅಳತೆಯ, ಅಂದರೆ 148 ಮಿ.ಮೀ. ಅಗಲ, 210 ಮಿ.ಮೀ. ಎತ್ತರದ ಡೈರಿ. ಕಾಗದದ ತೂಕ ಚದರ ಮೀಟರಿಗೆ 70 ಗ್ರಾಂ, ಅಂದರೆ 70 ಜಿಎಸ್‌ಎಂ. ಬಾಲ್ ಪೆನ್ನಿಗೂ ಜೆಲ್ ಪೆನ್ನಿಗೂ ಇಷ್ಟು ಸಾಕು, ಆದರೆ ಶಾಯಿ ಪೆನ್ನಿನಲ್ಲಿ ಬರೆದರೆ ಅಕ್ಷರ ಹಿಂಬದಿಗೆ ಇಳಿಯುತ್ತದೆ. ಶಾಯಿ ಪೆನ್ನೇ ಬೇಕೆನ್ನುವವರು 80 ಜಿಎಸ್‌ಎಂ ಅಥವಾ ಅದಕ್ಕಿಂತ ದಪ್ಪ ಕಾಗದದ್ದನ್ನು ಕೇಳಿ ತೆಗೆದುಕೊಳ್ಳಬೇಕು. ಕಾಗದಕ್ಕಿಂತಲೂ ಹೆಚ್ಚು ಗಮನ ಕೊಡಬೇಕಾದದ್ದು ಬೈಂಡಿಂಗಿಗೆ. ಹಾಳೆಗಳನ್ನು ಕಂತು ಕಂತಾಗಿ ಮಡಚಿ ದಾರದಲ್ಲಿ ಹೊಲಿದಿದ್ದರೆ ಡೈರಿಯನ್ನು ಎಲ್ಲಿ ತೆರೆದರೂ ಅದು ಮೇಜಿನ ಮೇಲೆ ಮಟ್ಟಸವಾಗಿ ಮಲಗುತ್ತದೆ. ಬೆನ್ನಿಗೆ ಬರೀ ಅಂಟು ಹಾಕಿದ್ದರೆ ಒಂದು ಕೈಯಿಂದ ಒತ್ತಿ ಹಿಡಿದೇ ಬರೆಯಬೇಕಾಗುತ್ತದೆ, ದಿನವೂ ತೆರೆಯುವ ಪುಸ್ತಕವಾದ್ದರಿಂದ ವರ್ಷ ಮುಗಿಯುವ ಮೊದಲೇ ಹಾಳೆಗಳು ಬಿಟ್ಟುಕೊಳ್ಳುವ ಭಯವೂ ಇದೆ. ಅಂಗಡಿಯಲ್ಲಿಯೇ ನಡುವಿನ ಪುಟ ತೆರೆದು ದಾರ ಕಾಣುತ್ತದೆಯೇ ಎಂದು ನೋಡಿ. ರಾತ್ರಿ ನಿದ್ದೆಗಣ್ಣಿನಲ್ಲಿ ಬರೆಯುವವನಿಗೆ ಈ ಸಣ್ಣ ಅನುಕೂಲ ಬಹಳ ದೊಡ್ಡದು.

ಪ್ಲಾನರನ್ನು ನಾನು ಕೈಬಿಟ್ಟದ್ದಕ್ಕೆ ಬೆಲೆ ಕಾರಣವಲ್ಲ. ಅದರ ಪ್ರತಿ ತಿಂಗಳ ಮೊದಲಿಗೆ ಅಭ್ಯಾಸಗಳ ಕೋಷ್ಟಕವೊಂದು ಇರುತ್ತದೆ: ಎಡಗಡೆ ಹತ್ತು ಹನ್ನೆರಡು ಅಭ್ಯಾಸಗಳ ಹೆಸರು ಬರೆಯಲು ಸಾಲುಗಳು, ಬಲಗಡೆ 31 ಚೌಕಗಳು. ಮಾಡಿದ ದಿನ ಟಿಕ್ ಹಾಕಬೇಕು, ಮಾಡದ ದಿನ ಖಾಲಿ ಬಿಡಬೇಕು. ಮುನ್ನುಡಿಯ ಪುಟದಲ್ಲಿ, 21 ದಿನ ಬಿಡದೆ ಮಾಡಿದರೆ ಯಾವುದೇ ಕೆಲಸ ಅಭ್ಯಾಸವಾಗುತ್ತದೆ ಎಂಬ ಭರವಸೆ ಬೇರೆ. ಈ 21ರ ಲೆಕ್ಕ 1960ರಲ್ಲಿ ಅಮೆರಿಕದ ಪ್ಲಾಸ್ಟಿಕ್ ಸರ್ಜನ್ ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಬರೆದ ಮಾತಿನಿಂದ ಹರಡಿದ್ದು. ಶಸ್ತ್ರಚಿಕಿತ್ಸೆಯಾದವರು ತಮ್ಮ ಹೊಸ ಮುಖಕ್ಕೆ ಹೊಂದಿಕೊಳ್ಳಲು ಕನಿಷ್ಠ ಸುಮಾರು 21 ದಿನ ಹಿಡಿಯುತ್ತದೆ ಎಂದು ಅವರು ಗಮನಿಸಿದ್ದರು. ಬೆಳಗಿನ ನಡಿಗೆಗೂ ಆ ಗಮನಿಕೆಗೂ ನೇರ ಸಂಬಂಧವಿಲ್ಲ, ಅದರಲ್ಲಿದ್ದ ‘ಕನಿಷ್ಠ’ ಎಂಬ ಪದವೂ ಹರಡುವಾಗ ಉದುರಿಹೋಯಿತು. ಯೂನಿವರ್ಸಿಟಿ ಕಾಲೇಜ್ ಲಂಡನ್ನಿನ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರಿಗೆ ಒಂದೊಂದು ಹೊಸ ಅಭ್ಯಾಸವನ್ನು ಆರಿಸಿಕೊಳ್ಳಲು ಹೇಳಿ 12 ವಾರ ಗಮನಿಸಿ, 2010ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಅಭ್ಯಾಸ ತಾನಾಗಿ ನಡೆಯುವಷ್ಟು ಬಲಿಯಲು ಹಿಡಿಯುವ ಕಾಲ ಸುಮಾರು 66 ದಿನ. ಅದೂ ಎಲ್ಲರಿಗೂ ಒಂದೇ ಅಲ್ಲ, ಅಂದಾಜು 18 ದಿನಗಳಿಂದ 254 ದಿನಗಳವರೆಗೆ ಹರಡಿಕೊಂಡಿತ್ತು. ನನಗೆ ಅದಕ್ಕಿಂತ ಮುಖ್ಯವೆನಿಸಿದ್ದು ಅದೇ ಅಧ್ಯಯನದ ಇನ್ನೊಂದು ಮಾತು: ನಡುವೆ ಒಂದು ದಿನ ತಪ್ಪಿದರೆ ಅಭ್ಯಾಸ ಕೂಡಿಬರುವುದಕ್ಕೆ ಹೇಳಿಕೊಳ್ಳುವಂಥ ತೊಂದರೆಯೇನೂ ಆಗುವುದಿಲ್ಲ.

ಇದನ್ನು ತಿಳಿದವರಿಗೆ ಕೋಷ್ಟಕದ ಕೊರತೆ ಕಾಣುತ್ತದೆ. ಖಾಲಿ ಉಳಿದ ಚೌಕ ಕಣ್ಣಿಗೆ ಸೋಲಿನಂತೆ ಕಾಣಿಸುತ್ತದೆಯೇ ಹೊರತು ಆ ದಿನ ಏನಾಯಿತು ಎಂಬುದನ್ನು ಹೇಳುವುದಿಲ್ಲ. ಮಳೆ ಬಂದಿತ್ತೋ, ಮಗುವಿಗೆ ಜ್ವರವಿತ್ತೋ, ಹಿಂದಿನ ರಾತ್ರಿ ನಿದ್ದೆ ಕೆಟ್ಟಿತ್ತೋ, ಎಲ್ಲಕ್ಕೂ ಒಂದೇ ಖಾಲಿ ಚೌಕ. ಅಭ್ಯಾಸಗಳ ಕೋಷ್ಟಕ ಇಟ್ಟವರಲ್ಲಿ ಪ್ರಸಿದ್ಧರಾದ, ಹದಿನೆಂಟನೆಯ ಶತಮಾನದ ಅಮೆರಿಕದ ಮುತ್ಸದ್ದಿ ಬೆಂಜಮಿನ್ ಫ್ರಾಂಕ್ಲಿನ್ 13 ಗುಣಗಳ ಪಟ್ಟಿ ಮಾಡಿಕೊಂಡಿದ್ದರು, ಆದರೆ ವಾರಕ್ಕೆ ಒಂದೇ ಗುಣದ ಮೇಲೆ ವಿಶೇಷ ಗಮನವಿಡುತ್ತಿದ್ದರು. 13 ವಾರಕ್ಕೆ ಒಂದು ಸುತ್ತು, ವರ್ಷಕ್ಕೆ ನಾಲ್ಕು ಸುತ್ತು. ಹನ್ನೆರಡು ಅಭ್ಯಾಸಗಳನ್ನು ಜನವರಿ ಒಂದರಂದು ಒಟ್ಟಿಗೆ ಹಿಡಿಯಲು ಪ್ರೇರೇಪಿಸುವ ಇಂದಿನ ಪ್ಲಾನರುಗಳು ಆ ತಾಳ್ಮೆಯನ್ನು ಬಿಟ್ಟು ಬರೀ ಕೋಷ್ಟಕವನ್ನು ಇಟ್ಟುಕೊಂಡಿವೆ.

ಸಾದಾ ಡೈರಿಯ ಬಲವಿರುವುದು ಅದು ಏನನ್ನೂ ಕೇಳದಿರುವುದರಲ್ಲಿ. ನಮ್ಮ ಅಂಗಡಿಕಾರರು ದಿನದ ಜಮೆ ಖರ್ಚನ್ನು ನಡೆದ ಕ್ರಮದಲ್ಲೇ ಬರೆದಿಡುವ ಕಿರ್ದಿ ಪುಸ್ತಕದಂತೆ ನಾನು ಅದನ್ನು ಬಳಸಿದೆ. ನಾಳೆ ಏನು ಮಾಡುತ್ತೇನೆ ಎಂದು ಬರೆಯಲಿಲ್ಲ, ಇವತ್ತು ಹೊತ್ತು ಎಲ್ಲಿ ಹೋಯಿತು ಎಂದಷ್ಟೇ ಬರೆದೆ. ಜುಲೈ ತಿಂಗಳ ಒಂದು ಪುಟ ಹೀಗಿದೆ: “ಎದ್ದದ್ದು 7.10. ನಡಿಗೆ ಇಲ್ಲ. ಆಫೀಸಿನಿಂದ ಬಂದದ್ದು 8. ಊಟವಾದ ಮೇಲೆ ಮಂಚದ ಮೇಲೆ ಫೋನು, 11.45ರ ತನಕ. ಅಕ್ಕ ಕರೆ ಮಾಡಿದ್ದಳು, ನಾಳೆ ಮಾತಾಡುತ್ತೇನೆ ಎಂದೆ.” ಅಷ್ಟೇ. ಬರೆಯಲು ಎರಡು ನಿಮಿಷವೂ ಬೇಡ. ಇಂಥ ಪುಟಗಳನ್ನು ತಿಂಗಳ ಕೊನೆಯ ದಿನ ಒಟ್ಟಿಗೆ ಓದಿದಾಗ, ಯಾವ ಕೋಷ್ಟಕದಲ್ಲಿಯೂ ಕಾಣದ ಸಂಗತಿ ಕಾಣಿಸಿತು. ನಡಿಗೆ ತಪ್ಪಿದ ದಿನಗಳಲ್ಲಿ ಹೆಚ್ಚಿನವು ಹಿಂದಿನ ರಾತ್ರಿ ಹನ್ನೊಂದರ ನಂತರ ಮಲಗಿದ ದಿನಗಳು, ತಡವಾಗಿ ಮಲಗಿದ ರಾತ್ರಿಗಳಲ್ಲಿ ಹೆಚ್ಚಿನವು ಫೋನು ಹಾಸಿಗೆಯವರೆಗೆ ಬಂದ ರಾತ್ರಿಗಳು. ಸರಿಪಡಿಸಬೇಕಾದ ಅಭ್ಯಾಸ ಬೆಳಗಿನದಲ್ಲ, ರಾತ್ರಿಯದು ಎಂದು ಡೈರಿಯೇ ತೋರಿಸಿಕೊಟ್ಟಿತು.

ಮುಂದಿನ ಕೆಲಸ ಸುಲಭವಾಯಿತು. ಇಂಥ ಸಂದರ್ಭ ಬಂದಾಗ ಇಂಥದ್ದನ್ನು ಮಾಡುತ್ತೇನೆ ಎಂದು ಹೊತ್ತು ಜಾಗಗಳ ಸಮೇತ ತೀರ್ಮಾನಿಸಿಕೊಂಡರೆ ಸಂಕಲ್ಪ ಕಾರ್ಯಕ್ಕೆ ಬರುವ ಸಾಧ್ಯತೆ ಹೆಚ್ಚು ಎಂಬುದನ್ನು ಜರ್ಮನಿಯ ಮನಃಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಸರ್ 1990ರ ದಶಕದಲ್ಲಿ ವಿವರಿಸಿದರು. ‘ಆರೋಗ್ಯ ನೋಡಿಕೊಳ್ಳಬೇಕು’ ಎಂಬ ಸಂಕಲ್ಪಕ್ಕೆ ಹಿಡಿಕೆಯಿಲ್ಲ. ‘ರಾತ್ರಿ ಅಡುಗೆಮನೆಯ ದೀಪ ಆರಿಸಿದ ಕೂಡಲೇ ಫೋನನ್ನು ನಡುಮನೆಯ ಪ್ಲಗ್ಗಿಗೆ ಸಿಕ್ಕಿಸಿ ಬರುತ್ತೇನೆ’ ಎಂಬುದಕ್ಕೆ ಇದೆ. ಡೈರಿಯ ವೈಯಕ್ತಿಕ ವಿವರಗಳ ಪುಟದಲ್ಲಿ, ರಕ್ತದ ಗುಂಪು ಬರೆಯುವ ಸಾಲಿನ ಕೆಳಗೆ, ಈ ವರ್ಷ ನಾನು ಆ ಒಂದು ವಾಕ್ಯವನ್ನು ಮಾತ್ರ ಬರೆದಿದ್ದೇನೆ.

ಇನ್ನು ಆಕ್ಷೇಪ. ಇದು ಈ ಬಗೆಯ ಬಹುತೇಕ ಡೈರಿಗಳಲ್ಲಿ ಕಾಣುವ ದೋಷ, ತಯಾರಕರು ತಿದ್ದಿಕೊಳ್ಳಲೇಬೇಕು. ವಾರದ ದಿನಗಳಿಗೆ ಒಂದೊಂದು ಪೂರ್ತಿ ಪುಟ ಕೊಡುವ ಇವರು ಶನಿವಾರ ಮತ್ತು ಭಾನುವಾರಗಳನ್ನು ಒಂದೇ ಪುಟದಲ್ಲಿ ತುರುಕಿರುತ್ತಾರೆ. ಆಫೀಸಿನ ಅಗತ್ಯವನ್ನಷ್ಟೇ ಮನಸ್ಸಿನಲ್ಲಿಟ್ಟುಕೊಂಡು ರೂಪಿಸಿದ ಪದ್ಧತಿ ಇದು. ಆದರೆ ತನ್ನ ಆದ್ಯತೆಗಳೇನು ಎಂದು ತಿಳಿಯಬಯಸುವವನಿಗೆ ಇಡೀ ವಾರದಲ್ಲಿ ಅತ್ಯಂತ ಮುಖ್ಯವಾದ ದಿನ ಭಾನುವಾರ. ಉಳಿದ ದಿನಗಳ ಹೊತ್ತಿನ ಮೇಲೆ ಸಂಬಳ ಕೊಡುವವರ ಹಕ್ಕಿದೆ, ಭಾನುವಾರದ ಹೊತ್ತನ್ನು ನಾವೇ ಹಂಚುತ್ತೇವೆ. ನನ್ನ ಡೈರಿಯಲ್ಲಿ ಊರಿಗೆ ಹೋಗಿ ಅಮ್ಮನನ್ನು ನೋಡಿದ್ದು, ಮಗಳಿಗೆ ಸೈಕಲ್ ಕಲಿಸಿದ್ದು, ಸ್ನೇಹಿತನ ಮನೆಯ ಗೃಹಪ್ರವೇಶ, ಎಲ್ಲವೂ ಆ ಅರ್ಧ ಪುಟದಲ್ಲಿ ಅಂಚಿನವರೆಗೂ ಒತ್ತೊತ್ತಾಗಿ ಬರೆಯಲ್ಪಟ್ಟಿವೆ. ಮಂಗಳವಾರ, ಬುಧವಾರಗಳ ಪುಟಗಳಲ್ಲಿ ಮುಕ್ಕಾಲು ಭಾಗ ಖಾಲಿ. ಕೊಳ್ಳುವಾಗ ಭಾನುವಾರಕ್ಕೂ ಪೂರ್ತಿ ಪುಟವಿರುವುದನ್ನೇ ಹುಡುಕಿ. ಕಡಿಮೆ ಸಂಖ್ಯೆಯಲ್ಲಾದರೂ ಸಿಗುತ್ತವೆ, ಮತ್ತು ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಈ ಸಲ ನಾನು ಕೊಂಡದ್ದು ಅಂಥದ್ದನ್ನೇ.

ಹಿಂಬದಿಯಲ್ಲಿರುವ ತಿಂಗಳ ಆದಾಯ ವೆಚ್ಚದ ಪುಟಗಳು ಚಿಕ್ಕವಾದರೂ ಉಪಯುಕ್ತ. ಹಣ ಎಲ್ಲಿಗೆ ಹೋಗುತ್ತದೆಯೋ ಆದ್ಯತೆಯೂ ಅಲ್ಲಿರುತ್ತದೆ ಎಂಬುದನ್ನು ಪುಸ್ತಕಗಳಿಗೆ ಮತ್ತು ಹೊರಗಿನ ಊಟಕ್ಕೆ ಮಾಡಿದ ಖರ್ಚನ್ನು ಅಕ್ಕಪಕ್ಕ ಬರೆದಾಗ ಕಂಡುಕೊಂಡೆ. ದೂರವಾಣಿ ಸಂಖ್ಯೆಗಳ ಪುಟಗಳಿಂದ ಈಗ ಹೆಚ್ಚಿನ ಪ್ರಯೋಜನವಿಲ್ಲ. ಅಭ್ಯಾಸಗಳನ್ನು ದಾಖಲಿಸುವ ಮೊಬೈಲ್ ಆ್ಯಪ್‌ಗಳ ಬಗ್ಗೆ ಕೇಳುವವರಿಗೆ ನನ್ನ ಉತ್ತರ ಇಷ್ಟೇ: ರಾತ್ರಿ ಫೋನಿನಿಂದ ದೂರವಿರಲು ಬಯಸುವವನು ಅದರ ದಾಖಲೆಗೆಂದು ಮತ್ತೆ ಫೋನನ್ನೇ ಕೈಗೆತ್ತಿಕೊಳ್ಳುವ ವ್ಯವಸ್ಥೆ ನನಗೆ ಒಪ್ಪಿಗೆಯಾಗಲಿಲ್ಲ.

ಸಭೆ, ಗಡುವು, ಪ್ರಯಾಣಗಳನ್ನು ಮುಂಚಿತವಾಗಿ ಜೋಡಿಸಿಕೊಳ್ಳಬೇಕಾದ ಉದ್ಯೋಗದಲ್ಲಿರುವವರಿಗೆ ಪ್ಲಾನರ್ ಬೇಕಾಗಬಹುದು, ಅವರಿಗೆ ಬೇಡವೆನ್ನಲಾರೆ. ತಮ್ಮ ಬದುಕಿನಲ್ಲಿ ಯಾವುದು ಮುಂದಿದೆ, ಯಾವುದು ಹಿಂದೆ ಉಳಿದಿದೆ ಎಂದು ತಿಳಿಯಬಯಸುವ ಉಳಿದವರಿಗೆ 300 ರೂಪಾಯಿಯ ಆಸುಪಾಸಿನಲ್ಲಿ ಸಿಗುವ ಹೊಲಿಗೆ ಬೈಂಡಿಂಗಿನ ಸಾದಾ ಡೈರಿಯನ್ನು ಮನಃಪೂರ್ವಕವಾಗಿ ಶಿಫಾರಸು ಮಾಡುತ್ತೇನೆ. ಜನವರಿ ಕಳೆದುಹೋಯಿತಲ್ಲ ಎಂದು ಸುಮ್ಮನಾಗಬೇಕಿಲ್ಲ. ಪರಾಭವ ಸಂವತ್ಸರದ ಯುಗಾದಿ 2026ರ ಮಾರ್ಚ್ 19ಕ್ಕೆ ಬರುತ್ತದೆ. ಅಂದಿನಿಂದ ಆರಂಭಿಸುವವರು ತಾರೀಕು ಅಚ್ಚಾದ ಡೈರಿಯನ್ನು ಕೊಳ್ಳದೆ, ಮಕ್ಕಳ ಶಾಲೆಗೆ ತರುವ ಗೆರೆ ಎಳೆದ ಲಾಂಗ್ ನೋಟ್‌ಬುಕ್ಕೊಂದನ್ನು ತಂದು, ಪ್ರತಿ ರಾತ್ರಿ ತಾರೀಕನ್ನು ತಾವೇ ಬರೆದುಕೊಳ್ಳಬಹುದು. ಅದರಲ್ಲಿ ಭಾನುವಾರಕ್ಕೆ ಬೇಕಾದಷ್ಟು ಜಾಗವೂ ಇರುತ್ತದೆ.