ಆರೇಳು ಸಾವಿರದ ಮಡಚುವ ವೀಲ್‌ಚೇರ್: ಟೇಪ್ ಹಿಡಿದು ಅಂಗಡಿಗೆ ಹೋಗಿ

ತುಮಕೂರಿನ ಸರ್ಜಿಕಲ್ ಅಂಗಡಿಗಳಲ್ಲಿ ವೀಲ್‌ಚೇರ್ ಕೇಳಿದರೆ ಸಾಮಾನ್ಯವಾಗಿ ಮೊದಲು ತೋರಿಸುವುದು ಕಬ್ಬಿಣದ ಪೈಪು, ಕಪ್ಪು ರೆಕ್ಸಿನ್ ಸೀಟಿನ ಮಡಚುವ ಕುರ್ಚಿಯನ್ನೇ. ಆಸ್ಪತ್ರೆ ಗೇಟಿನಿಂದ ವಾರ್ಡಿಗೆ ತಳ್ಳಿಕೊಂಡು ಹೋಗೋಕೆ ಇದು ಧಾರಾಳವಾಗಿ ಸಾಕು. ಆದರೆ ಗುಬ್ಬಿ, ತಿಪಟೂರು ಕಡೆ ತೆಂಗಿನ ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾದವರು ದಿನಕ್ಕೆ ಎಂಟು ಹತ್ತು ಗಂಟೆ ಕೂರಬೇಕಾದ್ದು ಇದರಲ್ಲೇ. ಅವರ ಕಡೆಯಿಂದ ನೋಡಿದರೆ, ಇದು ಕೂರುವವರಿಗಿಂತ ತಳ್ಳುವವರಿಗಾಗಿ ಮಾಡಿದ ಕುರ್ಚಿ.

ಅಗ್ಗದ ಮಾಡೆಲ್‌ನಲ್ಲಿ ಆರ್ಮ್‌ರೆಸ್ಟ್, ಅಂದರೆ ಪಕ್ಕದಲ್ಲಿ ಕೈ ಊರುವ ಕಂಬಿ, ಫ್ರೇಮಿಗೇ ವೆಲ್ಡ್ ಆಗಿರುತ್ತೆ. ಸೊಂಟದ ಕೆಳಗೆ ಸ್ವಾಧೀನ ಇಲ್ಲದವರು ಮಂಚಕ್ಕೆ ಹೋಗುವುದು ಪಕ್ಕಕ್ಕೆ ಜರುಗಿ. ಅಡ್ಡ ಕಂಬಿ ಇದ್ದರೆ ಇಬ್ಬರು ಎತ್ತಬೇಕು. ಅದನ್ನು ಕಳಚಬಹುದಾದರೆ, ಮಂಚವೂ ಸೀಟೂ ಒಂದೇ ಎತ್ತರಕ್ಕಿದ್ದರೆ, ತೋಳಲ್ಲಿ ಬಲವಿದ್ದವರು ನುಣುಪಾದ ಹಲಗೆ ಹಾಸಿಕೊಂಡು ಯಾರನ್ನೂ ಕೂಗದೆ ದಾಟಬಹುದು. ದುಡ್ಡು ಹೆಚ್ಚಾದರೂ ಕಳಚುವ ಆರ್ಮ್‌ರೆಸ್ಟ್ ಇರುವುದನ್ನೇ ತಗೊಳ್ಳಿ. ಇದೊಂದರಲ್ಲಿ ರಾಜಿ ಬೇಡ.

ಸೀಟು ಸಾಮಾನ್ಯವಾಗಿ 18 ಇಂಚು. ಕೂತಾಗಿನ ಸೊಂಟದ ಅಗಲಕ್ಕೆ 1 ಇಂಚು ಸೇರಿಸಿದರೆ ಸಾಕು, ಸಣ್ಣ ಮೈಯವರಿಗೆ 16 ಸರಿಹೋಗುತ್ತೆ. 18ರ ಸೀಟಿಗೆ ಚಕ್ರ, ಕೈಯಲ್ಲಿ ತಿರುಗಿಸುವ ರಿಮ್ ಸೇರಿ ಹೊರ ಅಗಲ 25-26 ಇಂಚು ಆಗುತ್ತೆ. ಬಚ್ಚಲ ಬಾಗಿಲು ಎರಡೇ ಅಡಿ ಇದ್ದರೆ ಕುರ್ಚಿ ಹೊರಗೇ ಉಳಿಯಿತು.

ನಿಜವಾದ ಅಪಾಯ ಸೀಟಿನಲ್ಲಿದೆ. ದಿನಾ ಕೂತರೆ ರೆಕ್ಸಿನ್ ಜೋತುಬೀಳುತ್ತೆ, ಮೈ ಒಂದು ಪಕ್ಕಕ್ಕೆ ವಾಲುತ್ತೆ, ಭಾರವೆಲ್ಲ ಒಂದೇ ಮೂಳೆಯ ಮೇಲೆ. ಅಲ್ಲಿ ಸ್ಪರ್ಶವೇ ಇಲ್ಲದ್ದರಿಂದ ಹುಣ್ಣು ಆಳಕ್ಕೆ ಇಳಿದರೂ ನೋವು ತಿಳಿಯಲ್ಲ. ರೆಕ್ಸಿನ್ ಮೇಲೆ ಅರ್ಧ ಇಂಚಿನ ಪ್ಲೈವುಡ್ ಜಾರದ ಹಾಗೆ ಬೆಲ್ಟಿನಿಂದ ಕಟ್ಟಿ, ಮೇಲೆ 3-4 ಇಂಚಿನ ಒಳ್ಳೆಯ ಫೋಮ್ ದಿಂಬು ಹಾಕಿ. ಕೂತ ಮೇಲೆ ದಿಂಬಿನ ಕೆಳಗೆ ಅಂಗೈ ಮೇಲ್ಮುಖ ಮಾಡಿ ತೂರಿಸಿ. ಕುಂಡಿಯ ಮೂಳೆ ಕೈಗೆ ಒತ್ತಿದರೆ ದಿಂಬು ಸತ್ತಿದೆ, ಬದಲಿಸಿ. ನಡುವೆ ತೂತಿರುವ ಗಾಳಿ ರಿಂಗ್ ಬೇಡವೇ ಬೇಡ, ಸುತ್ತಲಿನ ಚರ್ಮಕ್ಕೆ ರಕ್ತ ಹರಿಯೋದನ್ನೇ ತಡೆಯುತ್ತೆ. ದಿಂಬು ಎಷ್ಟೇ ಚೆನ್ನಾಗಿದ್ದರೂ ಅರ್ಧ ಗಂಟೆಗೊಮ್ಮೆ ಎದೆ ತೊಡೆಗೆ ತಾಗುವಷ್ಟು ಮುಂದಕ್ಕೆ ಬಾಗಿ ಎರಡು ನಿಮಿಷ ಇರಬೇಕು. ಹಾಗೆ ಬಾಗುವಾಗ ಬೀಳುವ ಭಯವಿದ್ದರೆ ಮೊದಮೊದಲು ಎದುರಿಗೆ ಒಬ್ಬರು ನಿಂತಿರಲಿ. ದಿಂಬು ಬಂದು ಕೂರುವ ಎತ್ತರ ಏರಿದ ಮೇಲೆ ಫುಟ್‌ರೆಸ್ಟ್, ಮಂಚದ ಎತ್ತರ ಎರಡನ್ನೂ ಮತ್ತೆ ಹೊಂದಿಸಿ.

ಗಾಳಿ ತುಂಬುವ ಟೈರ್ ನಮ್ಮ ಹಳ್ಳಿ ರಸ್ತೆಗೆ ಹಿತ, ಮೈ ಕುಲುಕಲ್ಲ. ಆದರೆ ಬ್ರೇಕ್ ಟೈರನ್ನೇ ಒತ್ತಿ ಹಿಡಿಯುವಂಥದ್ದು. ಗಾಳಿ ಇಳಿದರೆ ಹಿಡಿತ ತಪ್ಪಿ, ಮಂಚಕ್ಕೆ ಜರುಗುವ ಹೊತ್ತಿಗೇ ಕುರ್ಚಿ ಸರಿದುಬಿಡುತ್ತೆ. ವಾರಕ್ಕೊಮ್ಮೆ ಹೆಬ್ಬೆರಳಿಂದ ಒತ್ತಿ ನೋಡಿ. ಮುಂದಿನ ಸಣ್ಣ ಚಕ್ರಕ್ಕೆ ಕೂದಲು, ದಾರ ಸುತ್ತಿಕೊಂಡು ಬಿಗಿಯಾಗುತ್ತೆ. ಬೋಲ್ಟ್ ಬಿಚ್ಚಿ ತೆಗೆದರೆ ಮತ್ತೆ ಹಗುರ.

ಜಗಲಿ ಮೆಟ್ಟಿಲು 6 ಇಂಚಿದ್ದರೆ ಇಳಿಜಾರು 6 ಅಡಿ ಉದ್ದ ಬೇಕು, ಗಾರೆಯವರು ಮೂರು ಅಡಿ ಸಾಕು ಅಂದರೂ ಒಪ್ಪಬೇಡಿ. ಪೂಜೆಯ ಹೊಸ್ತಿಲು ಕೀಳಬೇಕಿಲ್ಲ, ಎರಡೂ ಕಡೆ ಮರದ ಓರೆ ತುಂಡು ಕೂರಿಸಿದರಾಯಿತು.

ಕನಿಷ್ಠ 40% ಅಂಗವೈಕಲ್ಯದ ಯುಡಿಐಡಿ ಕಾರ್ಡ್ (ಅಂಗವಿಕಲರ ಸರ್ಕಾರಿ ಗುರುತಿನ ಚೀಟಿ) ಇದ್ದು ಆದಾಯ ಮಿತಿಯೊಳಗಿದ್ದರೆ, ಅಂಗವಿಕಲರಿಗೆ ಸಲಕರಣೆ ಕೊಡುವ ಕೇಂದ್ರದ ಅಡಿಪ್ ಯೋಜನೆಯಲ್ಲಿ ವೀಲ್‌ಚೇರ್ ಉಚಿತವಾಗಿಯೇ ಸಿಗುತ್ತೆ. ಆ ಯೋಜನೆಯ ಶಿಬಿರಕ್ಕೆ ಹೋಗುವಾಗಲೂ ಸೊಂಟದಗಲ, ಬಚ್ಚಲ ಬಾಗಿಲ ಅಗಲ, ಮಂಚದ ಎತ್ತರ ಚೀಟಿಯಲ್ಲಿ ಬರೆದುಕೊಂಡು ಹೋಗಿ.