ನಿಮ್ಮ ಡೊಮೇನ್ ಯಾರ ಹೆಸರಿನಲ್ಲಿದೆ? ಇವತ್ತೇ ನೋಡಿಕೊಳ್ಳಿ

ವ್ಯಾಪಾರಕ್ಕೆಂದು ಡೊಮೇನ್ ಹೆಸರು, ಅಂದರೆ ಜಾಲತಾಣದ ವಿಳಾಸ, ಕೊಳ್ಳಲು ಹೊರಟವರೂ ಈಗಾಗಲೇ ಕೊಂಡವರೂ ದಯವಿಟ್ಟು ಇದನ್ನು ಓದಿ. ನಮ್ಮ ಸಂಸ್ಥೆಯ ಜಾಲತಾಣ ಮತ್ತು ಇಮೇಲ್ ಎರಡೂ ಒಟ್ಟಿಗೇ ನಿಂತುಹೋದವು. ಗ್ರಾಹಕರು ಕಳುಹಿಸಿದ ಆರ್ಡರ್‌ಗಳು ಅವರಿಗೇ ವಾಪಸಾಗುತ್ತಿದ್ದವು. ವ್ಯಾಪಾರ ಮುಚ್ಚಿದಿರಾ ಎಂದು ಫೋನ್ ಮಾಡಿ ಕೇಳಿದವರೂ ಇದ್ದರು. ಡೊಮೇನ್‌ನ ಅವಧಿ ಮುಗಿದಿತ್ತು. ಆ ಬಗ್ಗೆ ನಮಗೆ ಒಂದೇ ಒಂದು ಸೂಚನೆಯೂ ಬಂದಿರಲಿಲ್ಲ.

ಹೆಸರು ಮಾಡಿಸಿಕೊಟ್ಟ ಕಂಪನಿ ತಾನೇ ರಿಜಿಸ್ಟ್ರಾರ್, ಅಂದರೆ ಡೊಮೇನ್ ಹೆಸರು ನೋಂದಾಯಿಸಲು ಮಾನ್ಯತೆ ಪಡೆದ ಸಂಸ್ಥೆ, ಎಂದು ಹೇಳಿಕೊಂಡಿತ್ತು. ಅದು ಸುಳ್ಳು. ಬೇರೊಂದು ರಿಜಿಸ್ಟ್ರಾರ್ ಮೂಲಕ ನೋಂದಾಯಿಸಿ ಮಾರುವ ರೀಸೆಲ್ಲರ್ ಅದು. ರೀಸೆಲ್ಲರ್ ಆಗಿರುವುದರಲ್ಲಿ ತಪ್ಪೇನೂ ಇಲ್ಲ, ಪ್ರಾಮಾಣಿಕರು ಬೇಕಾದಷ್ಟು ಜನ ಇದ್ದಾರೆ. ಆದರೆ ಈ ಕಂಪನಿ ದಾಖಲೆಯಲ್ಲಿ ನೋಂದಣಿದಾರರ ಜಾಗದಲ್ಲಿ ತನ್ನದೇ ಹೆಸರು, ತನ್ನದೇ ಇಮೇಲ್ ತುಂಬಿಸಿಕೊಂಡಿತ್ತು. ಹಣ ಕಟ್ಟಿದವರು ನಾವು, ಹಕ್ಕುದಾರರು ಅವರು!

ಡಾಟ್ ಕಾಮ್‌ನಂಥ ವಿಸ್ತರಣೆಗಳಿಗೆ, ಜಗತ್ತಿನ ಡೊಮೇನ್ ಹೆಸರುಗಳ ವ್ಯವಸ್ಥೆಯನ್ನು ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆಯ ನಿಯಮಗಳಿವೆ. ಅವಧಿ ಮುಗಿಯುವ ಸುಮಾರು ಒಂದು ತಿಂಗಳ ಮೊದಲು ಒಮ್ಮೆ, ಒಂದು ವಾರದ ಮೊದಲು ಇನ್ನೊಮ್ಮೆ ರಿಜಿಸ್ಟ್ರಾರ್ ಸೂಚನೆ ಕಳುಹಿಸಲೇಬೇಕು. ಬೇರೆ ರಿಜಿಸ್ಟ್ರಾರ್ ಕಡೆಗೆ ಹೋಗಲು ಬೇಕಾದ ವರ್ಗಾವಣೆ ಕೋಡನ್ನು ಕೇಳಿದ 5 ದಿನಗಳೊಳಗೆ ಕೊಡಬೇಕು. ಒಳ್ಳೆಯ ನಿಯಮಗಳೇ, ಆದರೆ ಇವೆಲ್ಲ ಕಾಪಾಡುವುದು ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರನ್ನು. ಹಾಗಾಗಿ ಸೂಚನೆಗಳೆಲ್ಲ ಆ ಕಂಪನಿಯ ಇಮೇಲ್‌ಗೆ ಹೋದವು. ನಾವು ಕೋಡ್ ಕೇಳಿದಾಗ ಮೊದಲು ಉತ್ತರವೇ ಬರಲಿಲ್ಲ. ಆಮೇಲೆ ಯಾವುದೋ ಹಳೆಯ ಬಾಕಿಯ ನೆಪ ತೆಗೆದು, ನಾವು ಕೊಡಬೇಕಿಲ್ಲದ ಹಣ ಕೇಳಿದರು.

ಹೀಗೆ ಸತಾಯಿಸುವವರಿಗೆ ಕಾಲವೇ ಬಲ. ಅವಧಿ ಮುಗಿದ ಮೇಲೆ ಮಾಮೂಲಿ ದರದಲ್ಲಿ ನವೀಕರಿಸಲು ಎಷ್ಟು ದಿನ ಬಿಡಬೇಕೆಂಬುದು ಆಯಾ ರಿಜಿಸ್ಟ್ರಾರ್‌ಗೆ ಬಿಟ್ಟದ್ದು, ಹೆಚ್ಚೆಂದರೆ 45 ದಿನ. ಆಮೇಲೆ ರಿಜಿಸ್ಟ್ರಾರ್ ಹೆಸರನ್ನು ಅಳಿಸಿದರೆ 30 ದಿನಗಳ ರಿಡೆಂಪ್ಷನ್ ಅವಧಿ, ಅಂದರೆ ಹೆಸರನ್ನು ಮರಳಿ ಪಡೆಯುವ ಕೊನೆಯ ಅವಕಾಶ, ಶುರುವಾಗುತ್ತದೆ. ಆಗ ಬೇರೆ ಕಡೆಗೆ ವರ್ಗಾಯಿಸುವಂತಿಲ್ಲ, ದುಬಾರಿ ಶುಲ್ಕ ತೆತ್ತು ಇದ್ದಲ್ಲೇ ಬಿಡಿಸಿಕೊಳ್ಳಬೇಕು. ಅದೂ ದಾಟಿ ಇನ್ನು 5 ದಿನ ಕಳೆದರೆ ಹೆಸರು ಯಾರು ಬೇಕಾದರೂ ಕೊಳ್ಳುವಂತೆ ಮುಕ್ತವಾಗುತ್ತದೆ. ನಮ್ಮ ಹೆಸರು ರಿಡೆಂಪ್ಷನ್‌ಗೆ ಬಿದ್ದಿತ್ತು.

ಡೊಮೇನ್‌ನ ನೋಂದಣಿ ವಿವರ ತೋರಿಸುವ ಐಕ್ಯಾನ್‌ನ ಲುಕಪ್ ಪುಟದಲ್ಲಿ ಹುಡುಕಿದಾಗ ನಿಜವಾದ ರಿಜಿಸ್ಟ್ರಾರ್ ಯಾರೆಂದು ತಿಳಿಯಿತು. ಪಾವತಿಯ ರಸೀದಿಗಳನ್ನೂ ಸಂಸ್ಥೆಯ ನೋಂದಣಿ ಪತ್ರವನ್ನೂ ಅವರಿಗೆ ಕಳುಹಿಸಿದೆವು. ತಮ್ಮ ರೀಸೆಲ್ಲರ್ ನಿಯಮ ಪಾಲಿಸುವಂತೆ ನೋಡಿಕೊಳ್ಳುವ ಹೊಣೆ ರಿಜಿಸ್ಟ್ರಾರ್‌ಗೂ ಇರುವುದರಿಂದ ಅವರು ಮಧ್ಯೆ ಬಂದರು. ಹೆಸರು ನಮ್ಮದಾಯಿತು, ಶುಲ್ಕ ನಾವೇ ಕಟ್ಟಿದೆವು. ನಡುವೆ ಮುರಿದುಹೋದ ಗಿರಾಕಿಗಳ ನಂಬಿಕೆಗೆ ಪರಿಹಾರ ಕೊಡುವವರು ಯಾರೂ ಇಲ್ಲ.

ಆದ್ದರಿಂದ ಮೊದಲ ವರ್ಷದ ಅಗ್ಗದ ದರ ನೋಡಿ ಮರುಳಾಗಬೇಡಿ, ನವೀಕರಣದ ದರ ಕೇಳಿ. ಐಕ್ಯಾನ್ ಮಾನ್ಯತೆ ಪಡೆದವರ ಪಟ್ಟಿಯಲ್ಲಿ ಆ ಕಂಪನಿ ಇದೆಯೇ ನೋಡಿ. ಮಾನ್ಯತೆ ಇದ್ದ ಮಾತ್ರಕ್ಕೆ ನಿಶ್ಚಿಂತೆಯಿಂದಲೂ ಇರಬೇಡಿ. ರಿಜಿಸ್ಟರ್‌ಫ್ಲೈ ಎಂಬ ರಿಜಿಸ್ಟ್ರಾರ್‌ನ ಮಾನ್ಯತೆಯನ್ನು ಐಕ್ಯಾನ್ 2007ರಲ್ಲಿ ರದ್ದುಪಡಿಸಬೇಕಾಯಿತು. ಹೊರಗಿನ ಹುಡುಕಾಟದಲ್ಲಿ ನೋಂದಣಿದಾರರ ವಿವರವನ್ನು ಬಹಳ ಸಲ ಮರೆಮಾಡಿರುತ್ತಾರೆ. ಹಾಗಾಗಿ ಖಾತೆಯ ಒಳಹೊಕ್ಕು ನಿಮ್ಮ ಸಂಸ್ಥೆಯ ಹೆಸರಿದೆಯೇ ಎಂದು ಕಣ್ಣಾರೆ ನೋಡಿ. ಖಾತೆಯ ಪಾಸ್‌ವರ್ಡ್ ನಿಮ್ಮ ಬಳಿಯೇ ಇರಲಿ. ವರ್ಗಾವಣೆ ಕೋಡನ್ನು ಯಾರನ್ನೂ ಬೇಡದೆ ಖಾತೆಯಿಂದಲೇ ತೆಗೆದುಕೊಳ್ಳಲು ಆಗುತ್ತದೆಯೇ ಎಂದು ಕೊಳ್ಳುವ ಮೊದಲೇ ವಿಚಾರಿಸಿ. ಇದಕ್ಕೆ ನೇರ ಉತ್ತರ ಕೊಡದ ಕಂಪನಿ ನನ್ನ ದೃಷ್ಟಿಯಲ್ಲಿ ಲೆಕ್ಕಕ್ಕೇ ಇಲ್ಲ. ಖಾತೆಗೆ ಕೊಡುವ ಇಮೇಲ್ ಅದೇ ಡೊಮೇನ್‌ನದ್ದಾಗಿರಬಾರದು. ಡೊಮೇನ್ ನಿಂತ ದಿನ ಆ ಇಮೇಲ್ ಕೂಡ ನಿಲ್ಲುತ್ತದೆ.

ಈಗಾಗಲೇ ಇಂಥವರ ಕೈಗೆ ಸಿಕ್ಕಿಬಿದ್ದಿದ್ದರೆ ಅವಧಿ ಮುಗಿಯುವವರೆಗೆ ಕಾಯಬೇಡಿ. ರಸೀದಿಗಳನ್ನೂ ಪತ್ರವ್ಯವಹಾರವನ್ನೂ ಒಟ್ಟುಗೂಡಿಸಿ ನಿಜವಾದ ರಿಜಿಸ್ಟ್ರಾರ್‌ಗೆ ಬರೆಯಿರಿ. ಅವರೂ ಕೈಚೆಲ್ಲಿದರೆ ಐಕ್ಯಾನ್‌ಗೆ ದೂರು ಕೊಡಲು ಅವರ ಜಾಲತಾಣದಲ್ಲೇ ಅರ್ಜಿ ನಮೂನೆ ಇದೆ.