ಎರಡು ನಕ್ಷತ್ರ ಕೊಟ್ಟಿದ್ದ ಕೋರ್ಸಿಗೆ ಎರಡು ವರ್ಷದ ನಂತರ ಇನ್ನೊಂದು ವಿಮರ್ಶೆ

ಈ ಕೋರ್ಸ್ ಸೇರಿದ ಮೂರನೇ ತಿಂಗಳಲ್ಲಿ ನಾನೊಂದು ವಿಮರ್ಶೆ ಬರೆದಿದ್ದೆ. ಎರಡೇ ನಕ್ಷತ್ರ. "ಪಾಠ ಒಣ, ಅಸೈನ್‌ಮೆಂಟ್ ಕ್ರೂರ" ಅಂತ ಒಂದೇ ಸಾಲು. ಈಗ ಎರಡು ವರ್ಷ ಆಗಿದೆ. ವಿಡಿಯೋಗಳನ್ನು ಎರಡು ಸಲ ಪೂರ್ತಿ ನೋಡಿದ್ದೇನೆ. ಹತ್ತು ಅಸೈನ್‌ಮೆಂಟ್‌ಗಳಲ್ಲಿ ಒಂಬತ್ತು ಮುಗಿಸಿದ್ದೇನೆ. ಹಳೇ ಸಾಲನ್ನು ಅಳಿಸಿ ಇದನ್ನು ಬರೆಯುತ್ತಿದ್ದೇನೆ. 'ಒಣ' ಅಂದಿದ್ದು ತಪ್ಪು. 'ಕ್ರೂರ' ಅಂದಿದ್ದು ಈಗಲೂ ನಿಜ.

ಇದು ಸ್ನಾತಕೋತ್ತರ ಮಟ್ಟದ, ಮೊದಲೇ ರೆಕಾರ್ಡ್ ಮಾಡಿಟ್ಟ ಪಾಠಗಳ ಕೋರ್ಸ್. ಮೊದಲರ್ಧ ಪ್ರಾಬಬಿಲಿಸ್ಟಿಕ್ ಗ್ರಾಫಿಕಲ್ ಮಾಡೆಲ್, ಅಂದರೆ ಚರಗಳ ನಡುವಿನ ಸಂಭವದ ಸಂಬಂಧಗಳನ್ನು ನೋಡ್ (ಬಿಂದು) ಮತ್ತು ಗೆರೆಗಳ ಚಿತ್ರವಾಗಿ, ಗ್ರಾಫ್ ಆಗಿ, ಬರೆಯುವುದು. ಇನ್ನರ್ಧ ಸ್ಟ್ಯಾಟಿಸ್ಟಿಕಲ್ ಲರ್ನಿಂಗ್, ಅಂದರೆ ಡೇಟಾದಿಂದ ಕಲಿಯುವುದರ ಗಣಿತ. ವಿಡಿಯೋ, ಟಿಪ್ಪಣಿ, ಕೈಯಲ್ಲಿ ಬಿಡಿಸುವ ಲೆಕ್ಕದ ಹಾಳೆ, ಕೋಡ್ ಬರೆಯುವ ಅಸೈನ್‌ಮೆಂಟ್, ಆ ಕೋಡನ್ನು ತಾನೇ ತಿದ್ದಿ ಅಂಕ ಕೊಡುವ ಗ್ರೇಡರ್. ಇಷ್ಟು ಸಿಗುತ್ತದೆ. ಕೇಳಿದ ಪ್ರಶ್ನೆಗೆ ಉತ್ತರ ಹೇಳಲು ಮೇಷ್ಟ್ರು ಯಾರೂ ಸಿಗುವುದಿಲ್ಲ.

ಮೊದಲ ಸಲ ನಾನು ಮಾಡಿದ ತಪ್ಪು ಬಹಳ ಜನ ಮಾಡುವಂಥದ್ದೇ. ವಿಡಿಯೋಗಳನ್ನು ಧಾರಾವಾಹಿ ನೋಡಿದ ಹಾಗೆ ನೋಡಿದೆ, ಅದೂ ಒಂದೂವರೆ ಪಟ್ಟು ವೇಗದಲ್ಲಿ. ಎಲ್ಲದಕ್ಕೂ ತಲೆ ಆಡಿಸಿದೆ. ಲೆಕ್ಕದ ಹಾಳೆ ತೆರೆದರೆ ಒಂದೂ ಬರಲಿಲ್ಲ. ಸಿಟ್ಟು ಬಂದು ವಿಮರ್ಶೆ ಬರೆದೆ.

ದಾರಿ ತಿರುಗಿಸಿದ್ದು ಎರಡನೇ ಹಾಳೆಯ ಒಂದು ಪುಟ್ಟ ಲೆಕ್ಕ. ಎರಡು ನಾಣ್ಯ ಚಿಮ್ಮುತ್ತೀರಿ. ಎರಡರಲ್ಲಿ ಒಂದಾದರೂ ತಲೆ ಬಿದ್ದರೆ ಗಂಟೆ ಬಾರಿಸುತ್ತದೆ. ಏನೂ ಗೊತ್ತಿಲ್ಲದಾಗ ಮೊದಲ ನಾಣ್ಯ ತಲೆಯಾಗಿರುವ ಸಂಭವ ಅರ್ಧ. ಗಂಟೆ ಕೇಳಿಸಿತು ಅಂತಿಟ್ಟುಕೊಳ್ಳಿ. ಉಳಿದ ಮೂರು ಸಾಧ್ಯತೆಗಳಲ್ಲಿ ಎರಡರಲ್ಲಿ ಮೊದಲ ನಾಣ್ಯ ತಲೆ, ಹಾಗಾಗಿ ಸಂಭವ ಮೂರರಲ್ಲಿ ಎರಡು. ಈಗ ಯಾರೋ ಬಂದು "ಎರಡನೇ ನಾಣ್ಯ ತಲೆ ಬಿದ್ದಿದೆ" ಅಂದರು. ಸಂಭವ ಮತ್ತೆ ಅರ್ಧಕ್ಕೆ ಇಳಿಯಿತು! ಎರಡನೇ ನಾಣ್ಯಕ್ಕೂ ಮೊದಲನೆಯದಕ್ಕೂ ಸಂಬಂಧವೇ ಇರಲಿಲ್ಲ ಅಲ್ವಾ? ಗಂಟೆ ಕೇಳಿಸಿದ ಮೇಲೆ ಸಂಬಂಧ ಹುಟ್ಟಿಕೊಂಡಿತು. ಇದಕ್ಕೆ 'ಎಕ್ಸ್‌ಪ್ಲೇನಿಂಗ್ ಅವೇ' ಅನ್ನುತ್ತಾರೆ. ಒಂದು ಕಾರಣ ಸಿಕ್ಕಿದ ಕೂಡಲೇ ಇನ್ನೊಂದು ಕಾರಣದ ಮೇಲಿನ ಅನುಮಾನ ಕರಗುತ್ತದೆ. ಬೇಸಿಯನ್ ನೆಟ್‌ವರ್ಕ್‌ನಲ್ಲಿ (ಯಾವುದು ಯಾವುದರ ಮೇಲೆ ನೇರ ಪ್ರಭಾವ ಬೀರುತ್ತದೆ ಅಂತ ಬಾಣ ಹಾಕಿ ತೋರಿಸುವ ಗ್ರಾಫ್) ಎರಡು ಬಾಣಗಳು ಒಂದೇ ನೋಡ್‌ಗೆ ಬಂದು ಸೇರುವ ಜಾಗದಲ್ಲೆಲ್ಲ ಇದೇ ಆಟ. ಡಿ-ಸೆಪರೇಷನ್ ನಿಯಮಗಳನ್ನು (ಏನು ಗೊತ್ತಿದ್ದಾಗ ಯಾವ ಚರಗಳಿಗೆ ಸಂಬಂಧ ಇಲ್ಲ ಅಂತ ಗ್ರಾಫ್ ನೋಡಿ ಹೇಳುವ ನಿಯಮ) ಮೊದಲ ಸಲ ಬಾಯಿಪಾಠ ಮಾಡಿ ಮರೆತಿದ್ದೆ. ಈ ನಾಣ್ಯಗಳ ನಂತರ ಮರೆಯಲಿಲ್ಲ. ಗಂಟೆಯನ್ನು ನಾನೇ ಕೇಳಬೇಕೆಂದೂ ಇಲ್ಲ. ಪಕ್ಕದ ಕೋಣೆಯವರು "ಗಂಟೆ ಬಾರಿಸಿತು" ಅಂತ ಹೇಳಿದರೂ ಸಾಕು, ಸಂಬಂಧ ಹುಟ್ಟುತ್ತದೆ.

ಅಲ್ಲಿಂದ ಪದ್ಧತಿ ಬದಲಾಯಿಸಿದೆ. ಒಂದು ವಿಡಿಯೋ, ಆಮೇಲೆ ಪೆನ್ಸಿಲ್ಲು, ಮೂರ್ನಾಲ್ಕು ನೋಡ್‌ಗಳ ಚಿತ್ರ. ಈ ಕೋರ್ಸಿನ ಒಳ್ಳೆಯದೆಲ್ಲ ಲೆಕ್ಕದ ಹಾಳೆಗಳಲ್ಲಿದೆ. ವಿಡಿಯೋಗಳು ಆ ಹಾಳೆಗಳಿಗೆ ಪೀಠಿಕೆ, ಅಷ್ಟೆ.

ಗ್ರಾಫ್ ಯಾಕೆ ಬೇಕು ಅನ್ನುವುದನ್ನು ಮಾತ್ರ ಪಾಠದಲ್ಲೇ ಚೆನ್ನಾಗಿ ಹೇಳಿದ್ದಾರೆ. ಹೌದು-ಇಲ್ಲ ಉತ್ತರದ ಹತ್ತು ಚರಗಳ ಸಂಭವದ ಪೂರ್ತಿ ಕೋಷ್ಟಕಕ್ಕೆ 1,023 ಸಂಖ್ಯೆ ಬೇಕು. ಪ್ರತಿ ಚರಕ್ಕೂ ಹೆಚ್ಚೆಂದರೆ ಇಬ್ಬರು ಪೋಷಕರು (ಅದರ ಕಡೆ ಬಾಣ ಕಳಿಸುವ ನೋಡ್‌ಗಳು) ಅಂತಿಟ್ಟರೆ 40ಕ್ಕಿಂತ ಜಾಸ್ತಿ ಬೇಕಿಲ್ಲ. 1989ರ 'ಅಲಾರ್ಮ್' ಅನ್ನುವ ಪ್ರಸಿದ್ಧ ನೆಟ್‌ವರ್ಕ್ ರೋಗಿಯ ಮೇಲೆ ನಿಗಾ ಇಡುವ ಕೆಲಸಕ್ಕೆ ಮಾಡಿದ್ದು. ಅದರಲ್ಲಿ 37 ನೋಡ್, 46 ಬಾಣ. ಇಡೀ ಮಾಡೆಲ್‌ಗೆ ಸಾಕಾಗಿದ್ದು 509 ಸಂಖ್ಯೆ. ಇದನ್ನು ಒಂದು ಅಸೈನ್‌ಮೆಂಟ್‌ನಲ್ಲಿ ಕೊಡುತ್ತಾರೆ. ಬೇಸಿಯನ್ ನೆಟ್‌ವರ್ಕ್ ಅನ್ನುವ ಹೆಸರು ಕೊಟ್ಟ ಕಂಪ್ಯೂಟರ್ ವಿಜ್ಞಾನಿ ಜೂಡಿಯಾ ಪರ್ಲ್ ಅವರಿಗೆ ಆ ಕ್ಷೇತ್ರದ ದೊಡ್ಡ ಗೌರವವಾದ ಟ್ಯೂರಿಂಗ್ ಪ್ರಶಸ್ತಿ 2011ರ ಸಾಲಿಗೆ ಯಾಕೆ ಬಂತು ಅಂತ ಆ ಫೈಲ್ ತೆರೆದು ನೋಡಿದರೆ ಗೊತ್ತಾಗುತ್ತದೆ.

ಇನ್ನು ನನ್ನ ಲ್ಯಾಪ್‌ಟಾಪ್ ಹ್ಯಾಂಗ್ ಆದ ಕಥೆ. ವೇರಿಯಬಲ್ ಎಲಿಮಿನೇಷನ್ ಅಂದರೆ ಬೇಡದ ಚರಗಳನ್ನು ಒಂದೊಂದಾಗಿ ಕೂಡಿ ತೆಗೆದುಹಾಕುವುದು. ಯಾವ ಕ್ರಮದಲ್ಲಿ ತೆಗೆದರೂ ಉತ್ತರ ಒಂದೇ. ಹಾಗಾದರೆ ಕ್ರಮದ ಚಿಂತೆ ಯಾಕೆ ಅಂತ ಸುಮ್ನೆ ಪಟ್ಟಿಯಲ್ಲಿದ್ದ ಹಾಗೆ ತೆಗೆದೆ. ಗ್ರಾಫ್ ನಕ್ಷತ್ರದ ಆಕಾರದಲ್ಲಿತ್ತು, ನಡುವೆ ಒಂದು ನೋಡ್, ಸುತ್ತ 20. ಪಟ್ಟಿಯಲ್ಲಿ ಮೊದಲು ಇದ್ದದ್ದು ನಡುವಿನದ್ದು. ಅದನ್ನು ತೆಗೆದ ತಕ್ಷಣ ಸುತ್ತಲಿನ ಇಪ್ಪತ್ತೂ ಒಂದಕ್ಕೊಂದು ಅಂಟಿಕೊಂಡು 10,48,576 ಸಾಲಿನ ಕೋಷ್ಟಕ ಹುಟ್ಟಿತು. ಅಂಚಿನಿಂದ ಶುರು ಮಾಡಿದ್ದರೆ ನಾಲ್ಕು ಸಾಲಿನ ಕೋಷ್ಟಕಗಳಲ್ಲಿ ಮುಗಿಯುತ್ತಿತ್ತು. ಮುಂದಿನ ಪ್ರಶ್ನೆಯಲ್ಲಿ ಸುತ್ತಲಿನ ನೋಡ್‌ಗಳು 30 ಇದ್ದವು. ಅಲ್ಲಿ ಯಂತ್ರ ಮಲಗಿತು. ಹಾಳಾದ ಸಂಜೆ, ಆದರೆ ಟ್ರೀವಿಡ್ತ್ (ಅತ್ಯುತ್ತಮ ಕ್ರಮದಲ್ಲೂ ಕೋಷ್ಟಕ ಎಷ್ಟು ದೊಡ್ಡದಾಗುತ್ತದೆ ಅನ್ನುವ ಅಳತೆ) ಅಂದರೆ ಏನು ಅಂತ ಆ ಸಂಜೆ ಕಲಿತಷ್ಟು ಬೇರೆಲ್ಲೂ ಕಲಿತಿಲ್ಲ. ಕೆಲವು ಗ್ರಾಫ್‌ಗಳಿಗೆ ಒಳ್ಳೆಯ ಕ್ರಮವೇ ಇರುವುದಿಲ್ಲ. ಕರಾರುವಾಕ್ಕಾದ ಇನ್‌ಫರೆನ್ಸ್ (ಗ್ರಾಫ್‌ನಿಂದ ಬೇಕಾದ ಸಂಭವ ಲೆಕ್ಕ ಹಾಕುವುದು) ಸಾಮಾನ್ಯವಾಗಿ ಎನ್‌ಪಿ-ಹಾರ್ಡ್ (ಯಾವ ಗ್ರಾಫ್ ಕೊಟ್ಟರೂ ಬೇಗ ಬಿಡಿಸುವ ವಿಧಾನ ಯಾರಿಗೂ ಗೊತ್ತಿಲ್ಲದ ಜಾತಿಯ ಲೆಕ್ಕ) ಅಂತ 1990ರಲ್ಲೇ ಸಾಬೀತಾಗಿದೆ. ಅಂದಾಜಿನ ವಿಧಾನಗಳ ಪಾಠ ಶುರುವಾಗುವುದು ಅಲ್ಲಿಂದ.

ಅದರಲ್ಲಿ ನನಗೆ ತುಂಬಾ ಇಷ್ಟವಾದದ್ದು ಲೂಪಿ ಬಿಲೀಫ್ ಪ್ರೊಪಗೇಷನ್. ನೋಡ್‌ಗಳು ಪಕ್ಕದ ನೋಡ್‌ಗಳಿಗೆ ಸಂದೇಶ ಕಳಿಸುತ್ತವೆ. ಗ್ರಾಫ್ ಮರದ ಆಕಾರದಲ್ಲಿದ್ದರೆ ಉತ್ತರ ಪಕ್ಕಾ. ಸುತ್ತು ಇದ್ದರೆ ಒಂದೇ ಸುದ್ದಿ ತಿರುಗಿ ಬಂದು ಹೊಸ ಸುದ್ದಿಯ ಹಾಗೆ ಕಾಣುತ್ತದೆ, ಗಾಳಿಮಾತು ಊರೆಲ್ಲ ಸುತ್ತಿ ಹೇಳಿದವರ ಕಿವಿಗೇ ಬಂದ ಹಾಗೆ. ನಂಬುವಂತಿಲ್ಲ. ಆದರೂ ಬಹಳ ಸಲ ಕೆಲಸ ಮಾಡುತ್ತದೆ. 1993ರಲ್ಲಿ ಬಂದ ಟರ್ಬೋ ಕೋಡ್‌ಗಳು (ಕಳಿಸಿದ ಸಂದೇಶದಲ್ಲಿ ನುಸುಳಿದ ತಪ್ಪು ತಿದ್ದುವ ಸಂಕೇತಗಳು) ಸಂಪರ್ಕ ಕ್ಷೇತ್ರದವರನ್ನು ಬೆರಗುಗೊಳಿಸಿದವು. ಅವುಗಳನ್ನು ಡಿಕೋಡ್ ಮಾಡುವ ವಿಧಾನ ಇದೇ ಲೂಪಿ ಪ್ರೊಪಗೇಷನ್ ಅಂತ 1998ರಲ್ಲಿ ತೋರಿಸಿದರು. ಈ ಪಾಠವನ್ನು ನಾನು ನಾಲ್ಕು ಸಲ ನೋಡಿದ್ದೇನೆ, ಬರೀ ಖುಷಿಗೆ.

ಹಿಡನ್ ಮಾರ್ಕೊವ್ ಮಾಡೆಲ್ (ಕಣ್ಣಿಗೆ ಕಾಣದ ಸ್ಥಿತಿಗಳ ಸರಣಿಯನ್ನು ಕಂಡದ್ದರಿಂದ ಊಹಿಸುವ ಮಾಡೆಲ್) ಪಾಠ ಪರವಾಗಿಲ್ಲ. ಆದರೆ ಒಂದು ಮುಖ್ಯವಾದ ವಿಷಯ ಹೇಳದೆ ಬಿಟ್ಟಿದ್ದಾರೆ. ಸಾವಿರ ಹೆಜ್ಜೆಯ ಸರಣಿಯಲ್ಲಿ ಪ್ರತಿ ಹೆಜ್ಜೆಗೂ ಸಂಭವ 0.1 ಅಂದುಕೊಳ್ಳಿ. ಗುಣಿಸುತ್ತಾ ಹೋದರೆ ಕಂಪ್ಯೂಟರ್ ಹಿಡಿದಿಡಬಲ್ಲ ಅತಿ ಸಣ್ಣ ಸಂಖ್ಯೆಗಿಂತ ಎಷ್ಟೋ ಕೆಳಗೆ ಹೋಗಿ ಉತ್ತರ ಸೊನ್ನೆ ಆಗಿಬಿಡುತ್ತದೆ. ಸೂತ್ರ ಸರಿ, ಕೋಡ್ ಸರಿ, ಉತ್ತರ ಮಾತ್ರ ಸೊನ್ನೆ. ಲಾಗ್‌ನಲ್ಲಿ ಲೆಕ್ಕ ಮಾಡಬೇಕು ಅಂತ ಒಂದು ವಾಕ್ಯ ಟಿಪ್ಪಣಿಯಲ್ಲಿ ಇದ್ದಿದ್ದರೆ ನನಗೆ ಮೂರು ದಿನ ಉಳಿಯುತ್ತಿತ್ತು. ಇಎಂ ಅಲ್ಗಾರಿದಂ (ಕಾಣದ ಮಾಹಿತಿಯನ್ನು ಊಹಿಸುತ್ತಾ ಮಾಡೆಲ್ಲನ್ನು ಹೆಜ್ಜೆ ಹೆಜ್ಜೆಗೂ ತಿದ್ದುವ ವಿಧಾನ) ಪಾಠದಲ್ಲಿ ಇಂಥ ಕೊರತೆ ಇಲ್ಲ. ಡೇಟಾವನ್ನು ಗುಂಪು ಮಾಡುವಾಗ ಎಲ್ಲ ಗುಂಪುಗಳನ್ನೂ ಒಂದೇ ಜಾಗದಿಂದ ಶುರು ಮಾಡಿದರೆ ಕೊನೆಯವರೆಗೂ ಅವು ಬೇರೆಯಾಗುವುದೇ ಇಲ್ಲ ಅಂತ ಮೊದಲೇ ಎಚ್ಚರಿಸುತ್ತಾರೆ. ಲೈಕ್ಲಿಹುಡ್ (ಮಾಡೆಲ್ ಡೇಟಾಗೆ ಎಷ್ಟು ಹೊಂದುತ್ತದೆ ಅನ್ನುವ ಅಳತೆ) ಯಾವ ಹೆಜ್ಜೆಯಲ್ಲೂ ಇಳಿಯಬಾರದು, ಇಳಿದರೆ ಕೋಡ್‌ನಲ್ಲಿ ತಪ್ಪಿದೆ ಅಂತಲೂ ಹೇಳುತ್ತಾರೆ. ಈ ಒಂದು ಸಲಹೆ ನನ್ನ ಎಷ್ಟೋ ತಪ್ಪುಗಳನ್ನು ಹಿಡಿದುಕೊಟ್ಟಿದೆ.

ಈಗ ದೂರು. ಏಳನೇ ಅಸೈನ್‌ಮೆಂಟ್. ಗಿಬ್ಸ್ ಸ್ಯಾಂಪ್ಲರ್ ಬರೆಯಬೇಕು. ಇದು ಯಾದೃಚ್ಛಿಕ ಸಂಖ್ಯೆಗಳ ಮೇಲೆ ಚರಗಳನ್ನು ಒಂದೊಂದಾಗಿ ಬದಲಾಯಿಸುತ್ತಾ ಸಂಭವವನ್ನು ಅಂದಾಜು ಮಾಡುವ ವಿಧಾನ, ಪ್ರತಿ ಓಟದಲ್ಲೂ ಉತ್ತರ ಸ್ವಲ್ಪ ಬೇರೆ ಬರುತ್ತದೆ. ಗ್ರೇಡರ್ ಮಾತ್ರ ತನ್ನ ಹತ್ತಿರ ಇರುವ ಒಂದೇ ಓಟದ ಉತ್ತರಕ್ಕೆ ನಾಲ್ಕು ದಶಮಾಂಶದವರೆಗೆ ಹೋಲಿಸಿ ನೋಡುತ್ತದೆ. ಚರಗಳನ್ನು ಅದು ಅಂದುಕೊಂಡ ಕ್ರಮದಲ್ಲೇ ಬದಲಾಯಿಸದಿದ್ದರೆ ತಪ್ಪು! ನನ್ನ ಕೋಡ್ ಸರಿ ಇದೆ ಅಂತ ನನಗೆ ಖಾತ್ರಿ. ಹೇಗೆ ಅಂದರೆ, 4×4 ಇಸಿಂಗ್ ಚೌಕದ (ಪ್ರತಿ ಮನೆಗೂ ಎರಡೇ ಸ್ಥಿತಿ, ಪಕ್ಕದ ಮನೆಗಳ ಪ್ರಭಾವ ಇರುವ ಮಾಡೆಲ್) ಎಲ್ಲ 65,536 ಸ್ಥಿತಿಗಳನ್ನೂ ಎಣಿಸಿ ನಿಜವಾದ ಉತ್ತರ ತೆಗೆದೆ. ಸ್ಯಾಂಪ್ಲರ್ ಓಡಿದಷ್ಟೂ ಅದರ ಹತ್ತಿರಕ್ಕೇ ಬಂತು. ಬೆಂಬಲ ವಿಭಾಗಕ್ಕೆ ಮೂರು ಸಲ ಬರೆದೆ. ಮೂರು ಸಲವೂ "ಪರಿಶೀಲಿಸುತ್ತೇವೆ" ಅಂತ ಒಂದೇ ಉತ್ತರ. ಅದು ಹಾಗೇ ಬಾಕಿ ಇದೆ.

ಎರಡನೇ ಅರ್ಧಕ್ಕೆ ಬಂದರೆ ಮೇಷ್ಟ್ರೇ ಬದಲಾದ ಹಾಗೆ ಅನಿಸುತ್ತದೆ. ಚಿತ್ರ ಹೋಗಿ ಅಸಮಾನತೆಗಳು ಬರುತ್ತವೆ. ಎಷ್ಟು ಮಾದರಿ (ಡೇಟಾದ ಉದಾಹರಣೆ) ಇದ್ದರೆ ಕಲಿತದ್ದನ್ನು ನಂಬಬಹುದು ಅನ್ನುವುದೇ ಇಲ್ಲಿಯ ಪ್ರಶ್ನೆ. ಹಾಫ್‌ಡಿಂಗ್ ಅಸಮಾನತೆಯನ್ನು (ಮಾದರಿಯ ಸರಾಸರಿ ನಿಜದಿಂದ ದೂರ ಹೋಗುವ ಸಂಭವಕ್ಕೆ ಮಿತಿ ಹಾಕುವ ಸೂತ್ರ) ಮೊದಲ ಸಲ ದಾಟಿಕೊಂಡು ಹೋದೆ. ಎರಡನೇ ಸಲ ಸಂಖ್ಯೆ ಹಾಕಿ ನೋಡಿದೆ. ಆರಿಸಿಕೊಳ್ಳಲು 1,000 ಊಹೆಗಳು, ಯಾವುದರ ಅಳತೆಯೂ 0.05ಕ್ಕಿಂತ ಹೆಚ್ಚು ತಪ್ಪಬಾರದು, 95% ಭರವಸೆ ಬೇಕು ಅಂದರೆ ಸುಮಾರು 2,120 ಮಾದರಿ. ಊಹೆಗಳನ್ನು 2,000ಕ್ಕೆ ಏರಿಸಿದರೆ? ಇನ್ನು 139 ಮಾದರಿ ಸೇರಿಸಿದರೆ ಸಾಕು. ಅದೇ ತಪ್ಪಿನ ಮಿತಿಯನ್ನು ಅರ್ಧ ಮಾಡಿದರೆ ನಾಲ್ಕು ಪಟ್ಟು, ಅಂದರೆ ಎಂಟು ಸಾವಿರ ದಾಟುತ್ತದೆ. ಊಹೆ ಅಗ್ಗ, ನಿಖರತೆ ದುಬಾರಿ. ಪಾಠದಲ್ಲಿ ಹೀಗೆ ಒಂದೂ ಸಂಖ್ಯೆ ಹಾಕಿ ತೋರಿಸಿಲ್ಲ, ಬೇಜಾರಿನ ಸಂಗತಿ.

ಕ್ರಾಸ್-ವ್ಯಾಲಿಡೇಷನ್ (ಡೇಟಾವನ್ನು ಮಡಿಕೆಗಳಾಗಿ ಭಾಗ ಮಾಡಿ, ಒಂದೊಂದನ್ನೂ ಪಕ್ಕಕ್ಕಿಟ್ಟು ಉಳಿದದ್ದರಲ್ಲಿ ಕಲಿತು, ಪಕ್ಕಕ್ಕಿಟ್ಟದ್ದರ ಮೇಲೆ ಪರೀಕ್ಷಿಸುವುದು) ಅಸೈನ್‌ಮೆಂಟ್ ಮಾತ್ರ ಬಂಗಾರ. ಸಾವಿರಾರು ಗುಣಲಕ್ಷಣ, ಕೆಲವೇ ಮಾದರಿ. ಇಡೀ ಡೇಟಾ ನೋಡಿ ಒಳ್ಳೆಯ ಗುಣಲಕ್ಷಣ ಆರಿಸಿಕೊಂಡೆ, ಆಮೇಲೆ ಕ್ರಾಸ್-ವ್ಯಾಲಿಡೇಷನ್ ಮಾಡಿದೆ. ತಪ್ಪು ಬಹಳ ಕಡಿಮೆ ಬಂತು, ಬೀಗಿದೆ. ಕೊನೆಯ ಪುಟದಲ್ಲಿ ಬರೆದಿದ್ದರು, ಆ ಲೇಬಲ್‌ಗಳನ್ನು ನಾಣ್ಯ ಚಿಮ್ಮಿ ಹಾಕಿದ್ದು ಅಂತ. ಅದರಲ್ಲಿ ಕಲಿಯಲು ಏನೂ ಇರಲೇ ಇಲ್ಲ. ಆಯ್ಕೆಯನ್ನೂ ಪ್ರತಿ ಮಡಿಕೆಯ ಒಳಗೇ ಮಾಡಬೇಕಿತ್ತು. ಅವಮಾನವಾಯಿತು, ಆದರೆ ಅದಾದ ಮೇಲೆ ಬೇರೆಯವರ ಫಲಿತಾಂಶ ನೋಡುವಾಗಲೂ ನಾನು ಮೊದಲು ಹುಡುಕುವುದು ಇದನ್ನೇ.

ದೊಡ್ಡ ಕೊರತೆ ಅಂದರೆ ಎರಡು ಅರ್ಧಗಳಿಗೆ ನಂಟು ಹಾಕಿಲ್ಲ. ನಂಟು ಇಲ್ಲ ಅಂತಲ್ಲ. ಮೂರು ಚರಗಳ ಸರಪಳಿ ತೆಗೆದುಕೊಳ್ಳಿ. ಮೊದಲನೆಯದಕ್ಕೆ ಒಂದಿಷ್ಟು ಗಾಸಿಯನ್ (ಗಂಟೆಯಾಕಾರದ ಹಂಚಿಕೆಯ) ಗದ್ದಲ ಸೇರಿಸಿದರೆ ಎರಡನೆಯದು, ಎರಡನೆಯದಕ್ಕೆ ಸೇರಿಸಿದರೆ ಮೂರನೆಯದು. ಮೊದಲನೆಯದರ ಮತ್ತು ಸೇರಿಸಿದ ಗದ್ದಲಗಳ ವೇರಿಯನ್ಸ್ (ಚದುರುವಿಕೆ) ಒಂದೊಂದು ಅಂತಿಟ್ಟರೆ ಕೋವೇರಿಯನ್ಸ್ (ಚರಗಳು ಜೊತೆಯಾಗಿ ಎಷ್ಟು ಬದಲಾಗುತ್ತವೆ ಅನ್ನುವ) ಮ್ಯಾಟ್ರಿಕ್ಸ್‌ನ ಸಾಲುಗಳು 1, 1, 1; 1, 2, 2; 1, 2, 3. ಎಲ್ಲೂ ಸೊನ್ನೆ ಇಲ್ಲ. ಅದನ್ನು ಇನ್ವರ್ಸ್ ಮಾಡಿ: 2, -1, 0; -1, 2, -1; 0, -1, 1. ಮೊದಲನೆಯದು ಮತ್ತು ಮೂರನೆಯದು ಸೇರುವ ಮೂಲೆಯಲ್ಲಿ ಸೊನ್ನೆ! ಗ್ರಾಫ್‌ನಲ್ಲಿ ಆ ಎರಡರ ನಡುವೆ ಗೆರೆ ಇಲ್ಲ ಅನ್ನುವುದೇ ಆ ಸೊನ್ನೆ. ಎರಡನೇ ಅರ್ಧದಲ್ಲಿ ಕಲಿಸುವ 1996ರ ಲ್ಯಾಸೊ ಅನ್ನುವ ವಿಧಾನ ಮಾಡುವ ಕೆಲಸವೇ ಸೊನ್ನೆಗಳನ್ನು ಹುಡುಕುವುದು, ಅಂದರೆ ಬೇಡದ ಗುಣಲಕ್ಷಣಗಳ ತೂಕವನ್ನು ಸೊನ್ನೆ ಮಾಡುವುದು. 2008ರ ಗ್ರಾಫಿಕಲ್ ಲ್ಯಾಸೊ ಆ ಇನ್ವರ್ಸ್‌ನಲ್ಲೇ ಸೊನ್ನೆ ಹುಡುಕಿ ಎರಡನ್ನೂ ಜೋಡಿಸಿತು. ಒಂದೇ ಒಂದು ವಿಡಿಯೋ ಸಾಕಿತ್ತು ಇದನ್ನು ಹೇಳೋಕೆ. ನಾನೇ ಹಾಳೆ ಮೇಲೆ ಕಂಡುಕೊಂಡಾಗ ಖುಷಿಯ ಜೊತೆ ಸಿಟ್ಟೂ ಬಂತು.

"ಇದೆಲ್ಲ ಹಳೇದಾಯ್ತಲ್ವಾ, ಈಗ ಎಲ್ಲ ನ್ಯೂರಲ್ ನೆಟ್‌ವರ್ಕ್" ಅಂತ ಕೇಳುವವರಿಗೆ: 2013ರ ವೇರಿಯೇಷನಲ್ ಆಟೊಎನ್‌ಕೋಡರ್ ಅನ್ನುವ ನ್ಯೂರಲ್ ನೆಟ್‌ವರ್ಕ್ ಮಾಡೆಲ್‌ನ ನಡುವೆ ಇರುವುದು ಈ ಕೋರ್ಸಿನ ವೇರಿಯೇಷನಲ್ ಇನ್‌ಫರೆನ್ಸ್ (ಕಷ್ಟದ ಹಂಚಿಕೆಯ ಬದಲು ಸರಳವಾದದ್ದನ್ನು ಹೊಂದಿಸುವ ಅಂದಾಜಿನ ವಿಧಾನ) ಪಾಠದ ಅದೇ ಲೋವರ್ ಬೌಂಡ್ (ಲೈಕ್ಲಿಹುಡ್‌ನ ಕೆಳಮಿತಿ). ಕೋರ್ಸಿನಲ್ಲಿ ಅದರ ಹೆಸರೂ ಇಲ್ಲ, ನಿಜ. ಆದರೆ ಇದನ್ನು ಕಲಿತು ಅದನ್ನು ಓದಿದಾಗ ನನಗೆ ಒಂದು ಮಧ್ಯಾಹ್ನ ಸಾಕಾಯಿತು.

ಸೇರುವ ಮೊದಲು ಲೀನಿಯರ್ ಆಲ್ಜೀಬ್ರಾ ಗಟ್ಟಿ ಇರಲಿ. ವಾರಕ್ಕೆ ಎಂಟು ಗಂಟೆ ಅಂತ ಪುಟದಲ್ಲಿ ಹಾಕಿದ್ದಾರೆ, ನನಗೆ ಹದಿನೈದು ಹಿಡಿಯಿತು. ಬರೀ ವಿಡಿಯೋ ನೋಡುವ ಯೋಚನೆ ಇದ್ದರೆ ಸೇರಬೇಡಿ.

ನಕ್ಷತ್ರ ನಾಲ್ಕು. ಐದನೆಯದನ್ನು ಏಳನೇ ಅಸೈನ್‌ಮೆಂಟ್ ಸರಿಪಡಿಸಿದ ದಿನ ಬಂದು ಸೇರಿಸುತ್ತೇನೆ.